ಒಲೆಯ ಪಕ್ಕದ ಗೂಟ

ಸ್ತೂರೋಯ
ಫೆಬ್ರವರಿ 3

ಸಿಗ್ನೆ,

ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಡುವೆ ಸುಮ್ಮನಾದರೆ ಅದೂ ಆಚೆಯವರಿಗೆ ಕೇಳಿಸುತ್ತದೆ. ಕಾಗದದಲ್ಲಿ ಆ ತೊಂದರೆಯಿಲ್ಲ.

ವಿಷಯ ಇಷ್ಟೇ. ತೋರ್ಲೈಫನ ಕೋಟು ನಿನ್ನ ಹತ್ತಿರ ಇದೆ. ಮಣ್ಣು ಮಾಡಿದ ಮಾರನೆಯ ದಿನ, ಚಳಿಗೆ ಒಡೆಯದಿರಲೆಂದು ನೀರಿನ ಕೊಳವೆ ಖಾಲಿ ಮಾಡಲು ದೋಣಿಯ ಪೇಡರ್ ಸ್ಕಾರ್ವೋಯ ದ್ವೀಪದ ಅವನ ಕ್ಯಾಬಿನ್ನಿಗೆ ಹೋಗಿದ್ದ. ಬಾಗಿಲ ಹೊರಗಿನ ಗೂಟ ಬೋಳಾಗಿತ್ತು ಎಂದ. ನನ್ನ ತಮ್ಮ ನೀರಿನಲ್ಲಿ ಸಿಕ್ಕಾಗ ಮೈಮೇಲೆ ಉಣ್ಣೆ ಅಂಗಿ ಮಾತ್ರ ಇತ್ತು. ಅವನಿಲ್ಲದ ಮನೆಯ ಬಾಗಿಲು ಮೊದಲು ತೆರೆದವಳು ನೀನು. ಅಂದ ಮೇಲೆ ಕೋಟು ಒಯ್ದವಳೂ ನೀನೇ.

ಅವನ ಗಡಿಯಾರ ಇಟ್ಟುಕೊ, ಪುಸ್ತಕ ಇಟ್ಟುಕೊ, ದುರ್ಬೀನು ಇಟ್ಟುಕೊ. ಕೋಟು ಮಾತ್ರ ಕಳಿಸು. ಏಪ್ರಿಲ್ ನಡುವಿಗೆ ಕಡಲಬಾತುಗಳು ಗೂಡು ಹುಡುಕಿಕೊಂಡು ದಡ ಹತ್ತುತ್ತವೆ. ಅವಕ್ಕೆ ಗೊತ್ತಿರುವ ಮನುಷ್ಯ ಎಂದರೆ ಆ ಕೋಟು. ಅದನ್ನು ತೊಟ್ಟವರು ಹತ್ತಿರ ಬಂದರೆ ಮೊಟ್ಟೆ ಬಿಟ್ಟು ಏಳುವುದಿಲ್ಲ. ಬೇರೆ ಬಣ್ಣದ ತೋಳು ಕಂಡಿತೋ, ಹಾರಿದವು. ಹಾರಿದ ಗೂಡಿಗೆ ಕಡಲಕಾಗೆ ಇಳಿಯಲು ಎಷ್ಟು ಹೊತ್ತು ಬೇಕು? ನೀನು ಇದನ್ನು ನೋಡಿಲ್ಲ. ಪ್ರತಿ ಸಲವೂ ನೀನು ಬಂದದ್ದು ಬಾತುಗಳು ಮರಿ ಕಟ್ಟಿಕೊಂಡು ಕಡಲಿಗಿಳಿದ ಮೇಲೆ. ಅವು ಕೂತಿರುವಾಗ ಆ ದ್ವೀಪಕ್ಕೆ ಹೊಸಬರು ಕಾಲಿಡುವಂತಿಲ್ಲ, ಒಗೆದ ಬಟ್ಟೆ ಹೊರಗೆ ಹರವುವಂತಿಲ್ಲ, ಸುತ್ತಿಗೆ ಎತ್ತುವಂತಿಲ್ಲ.

ಈ ವರ್ಷದಿಂದ ಬಾತು ಕಾಯುವವಳು ನಾನು. ಮೀನು ಕಾರ್ಖಾನೆಗೆ ರಜೆ ಹೇಳಿಯಾಗಿದೆ.

ಇನ್ನೊಂದು. ನಮ್ಮೂರಿನ ಯಾರಾದರೂ ನಿನಗೆ ಏನಾದರೂ ಬರೆದಿದ್ದರೆ ಕಿವಿಗೊಡಬೇಡ. ಅವನು ದೋಣಿಯ ಹಗ್ಗ ಬಿಗಿಯಾಗಿದೆಯೇ ನೋಡಲು ಇಳಿದ, ಬಂಡೆಯ ಪಾಚಿಯ ಮೇಲೆ ಜಾರಿದ. ಒಂದು ಹಗ್ಗ ನೋಡಲು ಯಾರು ಕೋಟು ಹಾಕಿಕೊಂಡು ಹೋಗುತ್ತಾರೆ?

ಇತಿ
ಗುನ್ವೋರ್


ಟ್ರೋನ್ಹೈಮ್
ಫೆಬ್ರವರಿ 20

ಪ್ರಿಯ ಗುನ್ವೋರ್,

ನಿಮ್ಮ ಕಾಗದವನ್ನು ಆಸ್ಪತ್ರೆಗೆ ಒಯ್ದು ಮಧ್ಯಾಹ್ನದ ಬಿಡುವಿನಲ್ಲಿ ಓದಿದೆ. ನನ್ನ ಕೆಲಸ ನಿಮಗೆ ಗೊತ್ತು. ಗಾಳಿಯೂ ಆಡದ ಪುಟ್ಟ ಕೋಣೆಯಲ್ಲಿ ಜನರನ್ನು ಕೂರಿಸಿ, ಅವರ ಕಿವಿಗೆ ಸಣ್ಣ ಸದ್ದು ಬಿಟ್ಟು, ಕೇಳಿಸಿದರೆ ಗುಂಡಿ ಒತ್ತಿ ಎನ್ನುವುದು. ಓದಿದ ಮೇಲೆ ನಾನೇ ಆ ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡು ಕೂತೆ.

ಕೋಟು ಕಳಿಸಲಾರೆ.

ಹೌದು, ನನ್ನ ಹತ್ತಿರ ಇದೆ. ಮಲಗುವ ಕೋಣೆಯ ಕುರ್ಚಿಯ ಬೆನ್ನಿಗೆ ಹಾಕಿದ್ದೇನೆ. ಅದಕ್ಕೆ ಒಣಗಿದ ಕಡಲಪಾಚಿಯ ವಾಸನೆ, ಹೊಗೆಯ ವಾಸನೆ, ಅವನ ಕುತ್ತಿಗೆಯ ವಾಸನೆ. ಈ ಮೂರನೆಯದು ದಿನದಿನಕ್ಕೆ ಸಣ್ಣಗಾಗುತ್ತಿದೆ. ಅದನ್ನು ಅಂಚೆಯ ಪೆಟ್ಟಿಗೆಗೆ ಹಾಕಿ ಕಳಿಸು ಎನ್ನುತ್ತೀರಿ, ಬಾತುಗಳಿಗೋಸ್ಕರ.

ಚರ್ಚಿನಲ್ಲಿ ನನ್ನನ್ನು ಎರಡನೆಯ ಸಾಲಿನಲ್ಲಿ ಕೂರಿಸಿದಿರಿ. ನಾವು ಮದುವೆಯಾಗಿರಲಿಲ್ಲ, ಸರಿ. ಹನ್ನೊಂದು ವರ್ಷ ತಿಂಗಳಿಗೊಮ್ಮೆ ದೋಣಿ ಹತ್ತಿ ಬಂದವಳು ನಾನು. ವಸಂತದಲ್ಲಿ ಮಾತ್ರ ಬರಬೇಡ ಎನ್ನುತ್ತಿದ್ದ, ಬರುತ್ತಿರಲಿಲ್ಲ. ನನ್ನ ಮುಂದೆ ನಿಮ್ಮ ಹ್ಯಾಟು ಇತ್ತು, ಅದನ್ನೇ ನೋಡುತ್ತ ಕೂತೆ. ಎದ್ದು ಬರುವಾಗ ನಿಮ್ಮಿಂದ ನಾನು ಏನನ್ನೂ ಕೇಳಲಿಲ್ಲ. ಕೋಟು ಆಗಲೇ ನನ್ನ ಚೀಲದಲ್ಲಿತ್ತು.

ನೀವು ಅವನು ಜಾರಿದ ಎನ್ನುತ್ತೀರಿ. ಇರಬಹುದು. ನಾನು ಕಂಡದ್ದನ್ನು ಮಾತ್ರ ಹೇಳಬಲ್ಲೆ. ಆ ಶುಕ್ರವಾರ ಬಾಗಿಲು ತೆರೆದಾಗ ಒಲೆ ತಣ್ಣಗಿತ್ತು. ಕಾಫಿ ಬಟ್ಟಲು ತೊಳೆದು ಬೋರಲು ಹಾಕಿತ್ತು. ಒಲೆಯ ಪಕ್ಕದ ಗೂಟದಲ್ಲಿ ಕೋಟು, ಕುತ್ತಿಗೆಯವರೆಗೆ ಗುಂಡಿ ಹಾಕಿದ್ದು, ಪೂರಾ ಒಣಗಿದ್ದು. ಹೊರಗೆ ಮೂರು ದಿನದಿಂದ ಮಳೆ ಸುರಿಯುತ್ತಿತ್ತು, ಗುನ್ವೋರ್. ಹಿತ್ತಲಿಗೆ ಹೋಗಿರಬೇಕು ಎಂದುಕೊಂಡು ಕೂತೆ. ಒಳಗೆ ಬರುವಾಗ ಅವನು ಯಾವತ್ತೂ ಬಾಗಿಲು ತಟ್ಟುತ್ತಿರಲಿಲ್ಲ, ಹೊಸ್ತಿಲಲ್ಲಿ ನಿಂತು "ನಾನೇ, ಬರೀ ನಾನು" ಎನ್ನುತ್ತಿದ್ದ. ಅದಕ್ಕೆ ಕಿವಿ ಇಟ್ಟುಕೊಂಡು ಕೂತೆ. ಕಿವಿಯೇ ನನ್ನ ವೃತ್ತಿ.

ಸಿಗ್ನೆ


ಸ್ತೂರೋಯ
ಫೆಬ್ರವರಿ 27

ಸಿಗ್ನೆ,

ಯಾವ ಗೂಟ? ಬಾಗಿಲ ಹೊರಗಿನದೋ, ಒಲೆಯ ಪಕ್ಕದ್ದೋ? ಸರಿಯಾಗಿ ನೆನಪು ಮಾಡಿಕೊಂಡು ಬರೆ.

ಗುನ್ವೋರ್


ಟ್ರೋನ್ಹೈಮ್
ಮಾರ್ಚ್ 5

ಪ್ರಿಯ ಗುನ್ವೋರ್,

ಒಲೆಯ ಪಕ್ಕದ್ದು. ನೆನಪು ಮಾಡಿಕೊಳ್ಳುವ ಅಗತ್ಯವಿಲ್ಲ, ಕಣ್ಣು ಮುಚ್ಚಿದರೆ ಕಾಣುವುದು ಅದೇ. ಮಸಿ ಹಿಡಿದ ಬರ್ಚ್ ಮರದ ಗೂಟ, ತುದಿ ಸವೆದದ್ದು. ಅದರಲ್ಲಿ ಏನನ್ನೂ ತೂಗುಹಾಕಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಒಮ್ಮೆ ನನ್ನ ಒದ್ದೆ ಶಾಲು ಅಲ್ಲಿ ಹಾಕಿದಾಗ ಅವನು ಮಾತಾಡದೆ ತೆಗೆದು ಕುರ್ಚಿಗೆ ಹಾಕಿದ್ದ.

ಯಾಕೆ ಕೇಳಿದಿರಿ?

ಸಿಗ್ನೆ


ಟ್ರೋನ್ಹೈಮ್
ಮಾರ್ಚ್ 29

ಪ್ರಿಯ ಗುನ್ವೋರ್,

ನಿಮ್ಮಿಂದ ಉತ್ತರವಿಲ್ಲ. ಫೋನು ಮಾಡಿದೆ, ಎತ್ತಲಿಲ್ಲ. ಅಂಗಡಿಗೆ ಮಾಡಿದೆ. ಗುನ್ವೋರ್ ಚೆನ್ನಾಗಿದ್ದಾಳೆ, ಮೀನು ಕತ್ತರಿಸುತ್ತಾಳೆ, ಮಾತಾಡುವುದಿಲ್ಲ ಎಂದರು. ಬಾತು ಕಾಯುವುದಿಲ್ಲ ಎಂದು ರಜೆಯನ್ನೂ ಹಿಂದಕ್ಕೆ ಪಡೆದಳಂತೆ ಎಂದರು.

ನಾನು ಬರೆದದ್ದರಲ್ಲಿ ಯಾವುದೋ ಒಂದು ಮಾತು ನಿಮಗೆ ತಗುಲಿದೆ. ಯಾವುದೆಂದು ತಿಳಿಯದೆ ನನ್ನ ಕಾಗದವನ್ನು ನನ್ನ ತಲೆಯಲ್ಲೇ ಮತ್ತೆ ಮತ್ತೆ ಓದುತ್ತಿದ್ದೇನೆ. ಕವಿತೆ ಓದುವಾಗ ಹೀಗಾಗುವುದುಂಟು. ಎಲ್ಲ ಪದಗಳೂ ಗೊತ್ತಿರುತ್ತವೆ, ಒಂದು ಪದ ಮಾತ್ರ ನಮಗೆ ಗೊತ್ತಿಲ್ಲದ ಕೆಲಸ ಮಾಡುತ್ತಿರುತ್ತದೆ.

ಈಸ್ಟರ್ ರಜೆಗೆ ಕೋಟಿನೊಂದಿಗೆ ಬರುತ್ತಿದ್ದೇನೆ. ದ್ವೀಪದ ಕ್ಯಾಬಿನ್ನಿನಲ್ಲಿ ಇರುತ್ತೇನೆ. ನೀವು ಅಲ್ಲಿಗೆ ಬನ್ನಿ, ನಿಮ್ಮ ಕೈಗೇ ಕೊಡುತ್ತೇನೆ. ಅಂಚೆಗೆ ಕೊಡಲಾರೆ.

ಸಿಗ್ನೆ


ಸ್ಕಾರ್ವೋಯ
ಏಪ್ರಿಲ್ 8

ಪ್ರಿಯ ಗುನ್ವೋರ್,

ದಡದಲ್ಲಿ ನೀವಿರಲಿಲ್ಲ. ಪೇಡರ್ ಇದ್ದ, ತನ್ನ ದೋಣಿಯ ಮೂತಿಯ ಮೇಲೆ ಕೂತು ಒಣಮೀನು ಜಗಿಯುತ್ತ.

"ಏನವ್ವಾ, ಪಟ್ಟಣದಲ್ಲಿ ಊಟ ಹಾಕಲ್ವಾ? ನಮ್ಮ ಒಣಮೀನೇ ನಿನಗಿಂತ ದಪ್ಪ ಇದೆ," ಎಂದ. ಆಮೇಲೆ ಚೀಲ ನೋಡಿದ. "ಅದರಲ್ಲೇನು, ಅವನ ಕೋಟಾ? ಹಾಕ್ಕೊಂಡು ಬಾ. ಹಂಗೆ ಚೀಲದಲ್ಲಿ ತಂದ್ರೆ ಹೆಣ ಸಾಗಿಸ್ದಂಗಿರುತ್ತೆ."

ಹಾಕಿಕೊಂಡೆ. ಗಾಳಿಯೂ ಇತ್ತು. ನಾನು ಮುಂದೆ ಕೂತೆ, ಅವನು ಹಿಂದೆ ಚುಕ್ಕಾಣಿ ಹಿಡಿದಿದ್ದ. ಬಂದರಿನ ಕಟ್ಟೆ ದಾಟುವವರೆಗೆ ಅವನ ಬಾಯಿ ನಿಲ್ಲಲಿಲ್ಲ: ಡೀಸೆಲ್ ಬೆಲೆ, ಮೊಣಕಾಲು ನೋವು, ಹೊಸ ಪಾದ್ರಿಯಮ್ಮ ಹಾಡಿದರೆ ಕುರಿಗಳು ಉತ್ತರ ಕೊಡುವುದು.  ಬಹಳ ಹೊತ್ತಿನ ಮೇಲೆ ಕೂಗಿದ.

"ತೆಗೆದುಬಿಡು ಮಾರಾಯ್ತಿ. ಹಿಂದಿನಿಂದ ನೋಡಕ್ಕಾಗ್ತಿಲ್ಲ ನಂಗೆ."

ತೆಗೆದೆ. ಉಳಿದ ದಾರಿ ಚಳಿಯಲ್ಲಿ ನಡುಗುತ್ತ ಬಂದೆ. ಇಳಿಯುವಾಗ ಗೂಟದ ವಿಷಯ ಕೇಳಿದೆ. ಕೋಟು ಒಲೆ ಪಕ್ಕದ ಗೂಟದಲ್ಲಿತ್ತು ಎಂದು ಬರೆದದ್ದಕ್ಕೆ ಗುನ್ವೋರ್ ಯಾಕೆ ಮಾತು ಬಿಟ್ಟರು ಪೇಡರ್ ಎಂದೆ.  "ಒಲೆ ಗೂಟದಲ್ಲಿತ್ತಾ?" ಎಂದ. "ನಂಗೊತ್ತಿಲ್ಲ ಕಣವ್ವ. ನಾನು ದೋಣಿ ನಡೆಸೋನು. ಅದನ್ನ ಗುನ್ವೋರೇ ಹೇಳ್ಬೇಕು." ಹೊರಟವನು ಎಂಜಿನ್ ನಿಲ್ಲಿಸಿ ಟೋಪಿ ತೆಗೆದು, ಯಾವುದಕ್ಕೆಂದು ತಿಳಿಯಲಿಲ್ಲ, ಮತ್ತೆ ಹಾಕಿಕೊಂಡು ಹೋದ.

ಕ್ಯಾಬಿನ್ನಿನಲ್ಲಿ ಎಲ್ಲ ಇದ್ದಂತೆಯೇ ಇದೆ. ಕಿಟಕಿಯ ಅಂಚಿನಲ್ಲಿ ಸತ್ತ ನೊಣಗಳು. ಆಲೂಗಡ್ಡೆ ಮೊಳಕೆ ಬಿಟ್ಟು ಗೋಣಿಯಿಂದ ಹೊರಗೆ ಕೈಚಾಚಿವೆ. ಮನೆ ಬೆಚ್ಚಗಾಗಲು ಎರಡು ದಿನ ಹಿಡಿಯಿತು. ಎರಡು ದಿನವೂ ನಿಮ್ಮ ದಾರಿ ಕಾದೆ. ಮೂರನೆಯ ದಿನ ದುರ್ಬೀನು ಕುತ್ತಿಗೆಗೆ ಹಾಕಿಕೊಂಡು ಉತ್ತರದ ಕಡಿಬಂಡೆಗೆ ಹೊರಟೆ.

ಆ ದಾರಿ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಜೌಗಿನ ಮೇಲೆ ಹಾಸಿದ ಹಲಗೆಗಳು, ಕುರಿಗಳ ಕಲ್ಲಿನ ಆವರಣ, ಆಮೇಲೆ ಏರು. ಗಾಳಿ ಎದೆಗೆ ಕೈಯಿಟ್ಟು ತಳ್ಳುತ್ತಿತ್ತು. ಜುಲೈಗಳಲ್ಲಿ ಅವನೊಂದಿಗೆ ಹೋಗುವಾಗ ಏರಿನ ಅರ್ಧದಲ್ಲೇ ಸದ್ದು ಶುರುವಾಗುತ್ತಿತ್ತು. ಕ್ರಿಕ್ಯೆ ಹಕ್ಕಿಗಳ ಸದ್ದು, ತಮ್ಮ ಹೆಸರನ್ನು ತಾವೇ ಕೂಗಿಕೊಳ್ಳುವುದು, ಸಾವಿರಾರು ಬಾಯಿಯಲ್ಲಿ. ಅಂಚಿನಲ್ಲಿ ಹೊಟ್ಟೆಯ ಮೇಲೆ ಮಲಗಿ ಕೆಳಗೆ ನೋಡಿದರೆ ಬಂಡೆಯ ಒಂದೊಂದು ಬೆರಳಗಲ ಅಂಚಿನಲ್ಲೂ ಗೂಡು, ಜಗಳ, ಮರಿ. ನಾವು ಒಬ್ಬರ ಕಿವಿಗೆ ಒಬ್ಬರು ಬಾಯಿಟ್ಟು ಕೂಗಿಕೊಳ್ಳಬೇಕಿತ್ತು. ನನ್ನ ಕೆಲಸದ ಕೋಣೆಯ ನೆನಪಾಗಿ ನಗು ಬರುತ್ತಿತ್ತು.

ಈ ಸಲ ಏರು ಮುಗಿಯಿತು, ಸದ್ದು ಬರಲಿಲ್ಲ. ಇನ್ನೂ ಕಾಲ ಬಂದಿಲ್ಲವೇನೋ ಎಂದುಕೊಂಡೆ. ಆದರೆ ಏಪ್ರಿಲ್‌ನಲ್ಲಿ ಅವು ಬಂಡೆ ಹಿಡಿದಿರುತ್ತವೆ ಎಂದು ಅವನೇ ಹೇಳಿದ್ದ. ಮಲಗಿ ನೋಡಿದೆ. ಹಳೆಯ ಗೂಡುಗಳ ಮಣ್ಣು ಇತ್ತು, ಹಿಕ್ಕೆಯ ಬಿಳಿ ಇತ್ತು. ಕೆಳಗೆ ಎರಡು ನೀರುಕಾಗೆಗಳು ರೆಕ್ಕೆ ಒಣಹಾಕಿ ನಿಂತಿದ್ದವು. ಒಂದು ಹದ್ದು ಕೆಲಸವಿಲ್ಲದೆ ತಿರುಗುತ್ತಿತ್ತು. ತುಂಬ ಹೊತ್ತು ಕಳೆದ ಮೇಲೆ ಎಲ್ಲೋ ಬಂಡೆಯ ಸಂದಿಯಿಂದ ಒಂದೇ ಒಂದು ಕ್ರಿಕ್ಯೆ ತನ್ನ ಹೆಸರು ಹೇಳಿತು. ನನ್ನ ಹೆಬ್ಬೆರಳು ತಾನಾಗಿ ಒತ್ತಿಕೊಂಡಿತು, ಗುಂಡಿ ಇದೆಯೆಂಬಂತೆ.

ಕಳೆದ ಬೇಸಿಗೆ ಅವನೊಂದು ಚೀಟಿಯಲ್ಲಿ ಬರೆದಿದ್ದ, ಬಂಡೆ ಈಗ ಮಾತಾಡುವುದಿಲ್ಲ ಎಂದು. ನಾನು ಅದನ್ನು ಕವಿತೆ ಎಂದುಕೊಂಡು ಮೆಚ್ಚಿ ಉತ್ತರ ಬರೆದೆ. ಅದು ಕವಿತೆಯಾಗಿರಲಿಲ್ಲ, ಸುದ್ದಿಯಾಗಿತ್ತು.

ಬನ್ನಿ ಗುನ್ವೋರ್. ಕೋಟು ಇಲ್ಲೇ ಇದೆ. ಬರಲಾಗದಿದ್ದರೆ ಬರೆಯಿರಿ. ಪೇಡರ್ ಶುಕ್ರವಾರ ಹಾಲು ತರುತ್ತಾನೆ.

ಸಿಗ್ನೆ


ಸ್ತೂರೋಯ
ಏಪ್ರಿಲ್ 11

ಸಿಗ್ನೆ,

ಆ ಮನೆಗೆ ನಾನು ಬರುವುದಿಲ್ಲ. ಅಮ್ಮ ಬಾತು ಕಾಯುವುದು ಬಿಟ್ಟಂದಿನಿಂದ ಹೊಸ್ತಿಲು ದಾಟಿಲ್ಲ. ಯಾಕೆಂದು ತೋರ್ಲೈಫ್ ನಿನಗೆ ಹೇಳಿರಲಾರ. ಅವನು ಯಾರ ಮಾನವನ್ನೂ ತೆಗೆಯುತ್ತಿರಲಿಲ್ಲ.

ಗೂಟದ ವಿಷಯ ಹೇಳುತ್ತೇನೆ. ಒಂದೇ ಸಲ ಬರೆಯುತ್ತೇನೆ, ಮತ್ತೆ ಕೇಳಬೇಡ.

ಬಾತು ಕಾಯುವವರ ಕೋಟಿಗೆ ಆ ಮನೆಯಲ್ಲಿ ಎರಡು ಗೂಟ. ಬಾಗಿಲ ಹೊರಗಿನದು ದಿನನಿತ್ಯದ್ದು. ಒದ್ದೆ ಕೋಟು ಅಲ್ಲಿ ಸೋರುತ್ತಿರುತ್ತದೆ, ಬೆಳಿಗ್ಗೆ ಒದ್ದೆಯಾಗಿಯೇ ಹಾಕಿಕೊಂಡು ಹೋಗುತ್ತೇವೆ. ಒಲೆಯ ಪಕ್ಕದ್ದು ಒಂದೇ ಸಲಕ್ಕೆ. ಕಾಯುವವರು ಅಲ್ಲಿ ಕೋಟು ಹಾಕಿದರೆ, ನನ್ನದು ಮುಗಿಯಿತು ಎಂದರ್ಥ. ಆಮೇಲೆ ಯಾರು ಮೊದಲು ಬಾಗಿಲು ತೆರೆದು ಅದನ್ನು ಕಾಣುತ್ತಾರೋ ಬಾತುಗಳು ಅವರವು. ಬಾಯಿಬಿಟ್ಟು ಹೇಳುವ ಪದ್ಧತಿಯಿಲ್ಲ.

ಅಮ್ಮ ಎದೆರೋಗ ಬಂದ ವರ್ಷ ಹಾಗೆ ಹಾಕಿದಳು. ಅಂದು ಬೆಳಿಗ್ಗೆಯ ದೋಣಿಗೆ ಹೋಗಬೇಕಾದವಳು ನಾನು. ಹಿರಿಯವಳು, ಚಿಕ್ಕಂದಿನಿಂದ ಅವಳ ಹಿಂದೆ ನಡೆದು ಕಲಿತವಳು. ಶನಿವಾರ ಊರಿನಲ್ಲಿ ಕುಣಿತವಿತ್ತು. ಕೂದಲಿಗೆ ಸುರುಳಿ ಹಾಕಿಸಿಕೊಳ್ಳಲು ನಿಂತೆ, ಸಂಜೆ ಹೋದರಾಯಿತು ಎಂದು. ತೋರ್ಲೈಫ್ ಅಮ್ಮನಿಗೆ ಬ್ರೆಡ್ಡು ಕೊಡಲು ಹೋದ. ಬಾಗಿಲು ತೆರೆದ.

ಸಂಜೆ ನಾನು ಸುರುಳಿ ಕೂದಲು ಬಿಟ್ಟುಕೊಂಡು ಹೋದಾಗ ಅವನು ಅದನ್ನು ತೊಟ್ಟು ನಿಂತಿದ್ದ. ಹೆಂಗಸರ ಕೋಟು, ಗುಂಡಿ ಎಡಕ್ಕೆ. ನೋಡು, ಈಗಲೂ ಎಡಕ್ಕೇ ಇದೆ. ಬಾತುಗಳಿಗೆ ತಿಳಿದೀತೆಂದು ಅವನು ಒಂದು ಗುಂಡಿಯನ್ನೂ ಬದಲಿಸಲಿಲ್ಲ. ಬಂದರಿನ ಹುಡುಗರು "ಏನೋ ತೋರ್ಲೈಫಮ್ಮಾ, ಎಷ್ಟು ಮೊಟ್ಟೆ ಇಟ್ಯೋ?" ಎಂದು ಕೂಗುತ್ತಿದ್ದರು. ನಾನೂ ನಕ್ಕೆ. ಅವನು "ನೀನು ತಗೋ ಅಕ್ಕಾ, ನಂಗಿದು ಬೇಡ" ಎಂದ. ಪದ್ಧತಿ ಪದ್ಧತಿಯೇ ಎಂದೆ. ಆ ಮನೆಗೆ ಮತ್ತೆ ಹೋಗಲಿಲ್ಲ.

ಈಗ ನಿನಗೆ ಅರ್ಥವಾಗಿರಬೇಕು. ಆ ಗೂಟಕ್ಕೆ ಯಾರೂ ತಪ್ಪಿ ಕೋಟು ಹಾಕುವುದಿಲ್ಲ. ಮಕ್ಕಳಾಗಿದ್ದಾಗ ಆಟಕ್ಕೆ ಹಾಕಿದರೂ ಅಮ್ಮ ಕೈಮೇಲೆ ಹೊಡೆಯುತ್ತಿದ್ದಳು. ಅವನು ಜಾರಲಿಲ್ಲ.

ಜಾರಿದ ಎಂದು ಊರಿಗೆಲ್ಲ ಹೇಳಿದವಳು ನಾನು. ಪಾದ್ರಿಯಮ್ಮ ಅದನ್ನೇ ಹೇಳಿ ಮಣ್ಣು ಹಾಕಿದರು. ಚಳಿಗಾಲವೆಲ್ಲ ಆ ಪಾಚಿಗೆ ಬೈದುಕೊಂಡು ಬದುಕಿದೆ. ಬೈಯಲು ಒಂದು ಪಾಚಿಯಾದರೂ ಇತ್ತು.

ನೀನು ಶುಕ್ರವಾರ ಬರುತ್ತೀಯೆಂದು ಅವನಿಗೆ ಗೊತ್ತಿತ್ತು. ನಾನು ಬರುವುದಿಲ್ಲವೆಂದೂ ಗೊತ್ತಿತ್ತು. ಕೋಟು ನಿನ್ನದು. ನಾನು ಕೇಳಿದ್ದನ್ನು ಮರೆತುಬಿಡು.

ಬೇಡವಾದರೆ ಬಿಟ್ಟು ಹೋಗು, ಯಾರೂ ಬೈಯುವುದಿಲ್ಲ. ಇರುತ್ತೀಯಾದರೆ, ಒಣಗಿದ ಪಾಚಿಯನ್ನು ಗೂಡುಗಳಿಗೆ ಈಗಲೇ ಹಾಸು, ಒದ್ದೆಯದು ಆಗದು. ಒಂದೇ ದಾರಿಯಲ್ಲಿ ನಿಧಾನವಾಗಿ ನಡೆ, ಏನೇ ಆದರೂ ಓಡಬೇಡ. ಗೂಡಿನ ಮೇಲೆ ನಿನ್ನ ನೆರಳು ಬೀಳುವ ಮೊದಲು ಅವುಗಳ ಕಿವಿಗೆ ದನಿ ಬೀಳಬೇಕು. ಅಮ್ಮ ಬಾತುಗಳಿಗೆ ಹೇಳುತ್ತಿದ್ದುದು, "ನಾನೇ, ಬರೀ ನಾನು." ನೀನಿದ್ದಾಗ ಅವನು ಹೊಸ್ತಿಲಲ್ಲಿ ಹೇಳುತ್ತಿದ್ದುದೂ ಅದೇ.

ಗುನ್ವೋರ್


ಸ್ಕಾರ್ವೋಯ
ಮೇ 19

ಪ್ರಿಯ ಗುನ್ವೋರ್,

ಆಸ್ಪತ್ರೆಗೆ ಬೇಸಿಗೆ ಮುಗಿಯುವವರೆಗೆ ಬರುವುದಿಲ್ಲ ಎಂದು ಬರೆದೆ. ನಿಮಗೆ ಏನು ಬರೆಯಬೇಕೆಂದು ತಿಳಿಯದೆ ಇಷ್ಟು ದಿನ ಆಯಿತು. ನಿಮ್ಮ ಕಾಗದ ಓದಿದ ದಿನ ನನಗೆ ಅವನ ಮೇಲೆ ಬಂದ ಸಿಟ್ಟನ್ನು ಬರೆಯಲಾರೆ. ನನಗೊಂದು ಮಾತು ಹೇಳದೆ ಬಟ್ಟಲು ತೊಳೆದಿಟ್ಟವನು ಬಾತುಗಳಿಗೆ ಮಾತ್ರ ಏರ್ಪಾಡು ಮಾಡಿ ಹೋದ. ಹೇಳಿದ್ದರೂ ನನಗೆ ತಿಳಿಯದ ಭಾಷೆಯಲ್ಲಿ ಹೇಳಿದ. ಕೋಟನ್ನು ಒಲೆಗೆ ಹಾಕಲು ಎತ್ತಿದ್ದೆ. ಜೇಬಿನಲ್ಲಿ ಒಂದು ಹಿಡಿ ಒಣಪಾಚಿ ಇತ್ತು. ಅದನ್ನು ಮೊದಲ ಗೂಡಿಗೆ ಹಾಸಿದೆ. ಹಾಗೆ ಶುರುವಾಯಿತು.

ಗಾಳಿ ನಿಂತ ಒಂದು ಬೆಳಿಗ್ಗೆ ಬಂದವು. ಗಂಡುಗಳು ನೀರಿನ ಮೇಲೆ "ಅಹೂ, ಅಹೂ" ಎಂದು, ಪಕ್ಕದ ಮನೆಯ ಗುಟ್ಟು ಕೇಳಿದ ಮುದುಕಿಯರ ಹಾಗೆ. ನಾನು ಒಬ್ಬಳೇ ನಕ್ಕುಬಿಟ್ಟೆ. ಆಮೇಲೆ ಕಂದು ಹೆಣ್ಣುಗಳು ದಡ ಹತ್ತಿ, ಅವನು ಹಳೆ ದೋಣಿಯ ತುಂಡು, ಮೀನಿನ ಪೆಟ್ಟಿಗೆಗಳಲ್ಲಿ ಕಟ್ಟಿದ ಪುಟ್ಟ ಮನೆಗಳನ್ನು ಒಂದೊಂದಾಗಿ ಇಣುಕಿ ನೋಡಿದವು, ಬಾಡಿಗೆಗೆ ಬಂದವರಂತೆ. ತುಂಬ ಮನೆಗಳು ಖಾಲಿ ಉಳಿದವು. ಮೊದಲು ಎಷ್ಟು ತುಂಬುತ್ತಿದ್ದವೋ ನಾನು ಕಂಡಿಲ್ಲ. ಆದರೆ ಪಾಚಿ ಹಾಸುವಾಗ ಕೈಗೆ ಗೊತ್ತಾಗುತ್ತದೆ, ಇಷ್ಟೊಂದು ಮನೆ ಯಾರೂ ಸುಮ್ಮನೆ ಕಟ್ಟುವುದಿಲ್ಲ.

ಕೂತ ಮೇಲೆ ಮೊದಲ ಸಲ ಹೊರಟೆ. ಗುಂಡಿಗಳನ್ನು ಎಡಕ್ಕೆ ಹಾಕಿ, ನಿಧಾನವಾಗಿ, ನೀವು ಹೇಳಿದಂತೆಯೇ. ಅವು ತಲೆ ಎತ್ತಿ ಕೋಟು ನೋಡಿ ಮತ್ತೆ ತಲೆ ತಗ್ಗಿಸಿದವು. ಆಗ ನಾನು ಬಾಯಿ ತೆರೆದೆ. "ನಾನೇ" ಎಂದೆ, ಅಷ್ಟೇ. ಕೋಟಿನೊಳಗಿಂದ ಬರಬಾರದ ದನಿ ಬಂತು. ದಡದ ಕಡೆಯ ಸಾಲು ಪೂರ್ತಿ ಎದ್ದುಹೋಯಿತು. ಕಡಲಕಾಗೆಗಳು ಇಳಿದವು. ಓಡಬಾರದು ಎಂದು ಬರೆದಿದ್ದಿರಿ, ಓಡಿದರೆ ಉಳಿದವೂ ಹೋಗುತ್ತವೆ. ಹಾಗಾಗಿ ನಿಂತು ನೋಡಿದೆ. ಒಂದೊಂದು ಮೊಟ್ಟೆ ಒಡೆಯುವ ಸದ್ದು ಬೇರೆಬೇರೆಯಾಗಿ ಕೇಳಿಸಿತು. ಒಳ್ಳೆಯ ಕಿವಿ ಇರುವುದು ವರವಲ್ಲ.

ಮರುದಿನದಿಂದ ಮೂಕಳಾಗಿ ನಡೆದೆ. ಅದಕ್ಕೂ ಬೆದರಿದವು. ಮಾತಾಡದ ಕೋಟು ಇನ್ನೂ ಭಯ. ಮಿಂಕ್ ಎಂಬ ಆ ಮುಂಗುಸಿಯಂಥ ಪುಟ್ಟ ಕಟುಕ ಈಜಿ ಬಂದು ಎರಡು ತಾಯಂದಿರ ಕತ್ತು ಕಡಿದು ಹೋಗಿದೆ. ತಿನ್ನಲೂ ಇಲ್ಲ.

ಕ್ಯಾಬಿನ್ನಿನ ನೆಲದ ಹಲಗೆಯ ಅಡಿಯಲ್ಲಿ ಒಂದು ವಯಸ್ಸಾದ ಬಾತು ಕೂತಿದೆ, ಕೊಕ್ಕಿನ ಪಕ್ಕ ಬೆಳ್ಳಗಿನ ಗೆರೆ. ಅವನು ಹೇಳುತ್ತಿದ್ದ "ಮುದುಕಿ" ಇವಳೇ ಇರಬೇಕು. ನಿನ್ನೆ ಅವಳ ಮುಂದೆ ಮಂಡಿಯೂರಿದೆ. ಅವಳ ಕಣ್ಣು ಕೋಟಿನಿಂದ ನನ್ನ ಮುಖಕ್ಕೆ ಬಂತು. ಸುಳ್ಳು ಹೇಳಲು ನನ್ನಿಂದ ಆಗಲಿಲ್ಲ. "ಅವನಲ್ಲ ಕಣೇ. ಬರೀ ನಾನು," ಎಂದೆ. ನನ್ನ ದನಿ ಒಡೆದಿತ್ತು, ಸದ್ದೂ ಹೆಚ್ಚಾಯಿತು. ಅವಳು ಒಂದು ರೆಕ್ಕೆ ಸರಿಪಡಿಸಿಕೊಂಡಳು. ಏಳಲಿಲ್ಲ.

ಸಿಗ್ನೆ


ಸ್ತೂರೋಯ
ಜೂನ್ 12

ಸಿಗ್ನೆ,

ಮೊದಲ ವರ್ಷ ತೋರ್ಲೈಫನೂ ಅರ್ಧ ಕಳೆದುಕೊಂಡ. ಅಮ್ಮನೂ ಅಷ್ಟೇ. ನಿನಗೆ ಮೊದಲೇ ಹೇಳಬೇಕಿತ್ತು.

ನಿನ್ನೆ ಪಾದ್ರಿಯಮ್ಮನ ಮನೆಗೆ ಹೋದೆ. ನಾನು ಹೇಳಿದ್ದು ಸುಳ್ಳು, ತಮ್ಮ ಜಾರಲಿಲ್ಲ ಎಂದೆ. ಅವರು ತಟ್ಟೆಗೆ ವಾಫಲ್ ಹಾಕುತ್ತಿದ್ದರು, ಕೈ ನಿಲ್ಲಲಿಲ್ಲ. "ಗೊತ್ತಿತ್ತು ಗುನ್ವೋರ್," ಎಂದರು. "ಚೀಸು ಹಾಕ್ಲಾ, ಜಾಮು ಹಾಕ್ಲಾ?"

ವಾಪಸು ಬರುವಾಗ ಪೇಡರನನ್ನು ಹಿಡಿದು ಕೇಳಿದೆ. ನಿನಗೂ ಗೊತ್ತಿತ್ತೇನೋ ಎಂದೆ. ಅವನು ಬಲೆ ಹೆಣೆಯುತ್ತ ತಲೆ ಎತ್ತಲಿಲ್ಲ. "ಕೋಟು ಒಲೆ ಗೂಟದಲ್ಲಿದ್ದದ್ದು ಗೊತ್ತಿರ್ಲಿಲ್ಲ, ದೇವ್ರಾಣೆ. ಅವನ ಖಾಲಿ ದೋಣಿ ಸಿಕ್ಕಿದ್ದು ನಂಗಲ್ವಾ? ಹಗ್ಗ ಕಡಿದಿರ್ಲಿಲ್ಲ, ಅವನೇ ಬಿಚ್ಚಿದ್ದ. ನೀನು ಜಾರಿದ ಅಂದೆ. ಸರಿ, ಇವಳಿಗೆ ಅದು ಬೇಕು ಅಂತ ಎಲ್ರೂ ಜಾರಿದ ಅಂದ್ವಿ."

ಊರಿಗೆ ಊರೇ ನನ್ನ ಮುಂದೆ ಮೆಲ್ಲಗೆ ನಡೆದಿದೆ, ಮೊಟ್ಟೆಯ ಮೇಲೆ ಕೂತವಳ ಮುಂದೆ ನಡೆದ ಹಾಗೆ.

ಒಂದು ಕೆಲಸ ಮಾಡು. ಆ ಒಲೆ ಗೂಟವನ್ನು ಕಿತ್ತು ಒಲೆಗೇ ಹಾಕು. ಅದರಲ್ಲಿ ಇನ್ನು ಯಾರೂ ಏನನ್ನೂ ತೂಗುಹಾಕಬಾರದು.

ಗುನ್ವೋರ್


ಸ್ಕಾರ್ವೋಯ
ಜೂನ್ 30

ಪ್ರಿಯ ಗುನ್ವೋರ್,

ಮುದುಕಿ ಇಂದು ಬೆಳಿಗ್ಗೆ ನಾಲ್ಕು ಮರಿಗಳನ್ನು ನೀರಿಗಿಳಿಸಿದಳು. ನಾನು ಕೋಟು ತೊಟ್ಟು, ಬಿರುಮಳೆಯಲ್ಲಿ, ಅವುಗಳ ಪಕ್ಕಕ್ಕೆ ದಡದವರೆಗೆ ನಡೆದೆ. ಕಾವಲು ಎಂದರೆ ಅಷ್ಟೇ, ನಡುವೆ ನಿಲ್ಲುವುದು. ನೀರಿಗಿಳಿದ ಮೇಲೆ ನಾನು ನಿಲ್ಲಲು ನಡುವೆ ಜಾಗವಿಲ್ಲ. ಕಡಲಕಾಗೆ ಎರಡನ್ನು ಎತ್ತಿಕೊಂಡು ಹೋಯಿತು. ಎರಡು ಅವಳ ಬಾಲ ಹಿಡಿದು ಕಡಲಪಾಚಿಯ ಆಚೆ ಮರೆಯಾದವು. ಅವು ಎಷ್ಟು ದೂರ ಹೋದವೋ ತಿಳಿಯದು.

ಬಿಟ್ಟ ಗೂಡುಗಳಿಂದ ಎದೆತುಪ್ಪಳ ಬಿಡಿಸುತ್ತಿದ್ದೇನೆ. ಮೊಟ್ಟೆಗೆ ಹೊದಿಸಲೆಂದು ಅವು ತಮ್ಮ ಎದೆಯಿಂದಲೇ ಕಿತ್ತದ್ದು. ಒಂದು ಹೊದಿಕೆಗೆ ಸಾಲದು, ಒಂದು ದಿಂಬಿಗೂ ಸಾಲದು. ಕೈಯಲ್ಲಿ ಹಿಡಿದರೆ ತೂಕವೇ ಇಲ್ಲ, ಆದರೆ ಅಂಗೈ ಬೆಚ್ಚಗಾಗುತ್ತದೆ. ನಿನಗೆ ಸ್ವಲ್ಪ ಪೇಡರನ ಕೈಯಲ್ಲಿ ಕಳಿಸಿದ್ದೇನೆ.

ಉತ್ತರದ ಬಂಡೆಗೆ ಈಗ ವಾರಕ್ಕೊಮ್ಮೆ ಹೋಗಿ ಮಲಗಿ ಕೇಳುತ್ತೇನೆ. ಆ ಒಂದು ಕ್ರಿಕ್ಯೆ ಇದೆ. ಒಂದು ದಿನ ಇರುವುದಿಲ್ಲ. ಅವನು ಇದನ್ನೇ ಕೇಳುತ್ತಿದ್ದ, ಒಬ್ಬನೇ, ವರ್ಷಗಟ್ಟಲೆ. ಇದೊಂದೇ ಕಾರಣವೇ ಎಂದು ನೀನು ಕೇಳಬಹುದು. ನನಗೆ ಗೊತ್ತಿಲ್ಲ. ಅವನ ಮೇಲಿನ ನನ್ನ ಸಿಟ್ಟು ಹೋಗಿಲ್ಲ, ಅದೂ ನನ್ನ ಜೊತೆ ನಡೆದು ಬಂಡೆಯವರೆಗೆ ಬಂದು ಹೋಗುತ್ತದೆ.

ಗೂಟ ಕೀಳು ಎಂದು ನೀನು ಬರೆದೆ. ಇಕ್ಕುಳ ತಂದು ಅದರ ಮುಂದೆ ನಿಂತೆ. ಕೀಳಲಿಲ್ಲ. ಒಂದು ದಿನ ನಾನು ಮುದುಕಿಯಾಗುತ್ತೇನೆ, ಮೊಣಕಾಲು ಹೋಗುತ್ತದೆ, ಆಗ ಅದು ನನಗೆ ಬೇಕಾಗುತ್ತದೆ. ಅವನು ಅದನ್ನು ಹೊತ್ತಿಗೆ ಮುಂಚೆ ಬಳಸಿದ ಎಂದು ಗೂಟವನ್ನು ಸುಡುವುದೇಕೆ?

ಬಾತುಗಳೆಲ್ಲ ಹೋದವು. ಇನ್ನು ಬಟ್ಟೆ ಹೊರಗೆ ಹರವಬಹುದು, ಸುತ್ತಿಗೆ ಎತ್ತಬಹುದು, ಜನ ಬರಬಹುದು. ಬಾಗಿಲಿಗೆ ಅಗಳಿ ಹಾಕುವುದಿಲ್ಲ. ಒಳಗೆ ಬರುವಾಗ ಏನು ಹೇಳಬೇಕೆಂದು ನಿನಗೆ ನನಗಿಂತ ಮೊದಲೇ ಗೊತ್ತು.

ಮಳೆ ಇನ್ನೂ ಬಿಟ್ಟಿಲ್ಲ. ಕೋಟು ಹೊರಗಿನ ಗೂಟದಲ್ಲಿದೆ. ಇಲ್ಲಿ ಕೂತು ಬರೆಯುತ್ತಿರುವಾಗ ಅದರಿಂದ ನೀರು ಸೋರುವುದು ಕೇಳಿಸುತ್ತಿದೆ.

ಬರೀ ನಾನು,
ಸಿಗ್ನೆ